77ರಿಂದ ಹಿಂದಕ್ಕೆ ಎಣಿಸಿದ ಲೆಕ್ಕ: ಶಸ್ತ್ರಚಿಕಿತ್ಸೆಯ ನಂತರದ ವಿಕಿರಣದಲ್ಲಿ ನನ್ನ ಅನುಭವ

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಆರು ವಾರಗಳೊಳಗೆ ವಿಕಿರಣ ಆರಂಭವಾಗಬೇಕೆಂಬುದು ನಮಗೆಲ್ಲ ಕಂಠಪಾಠವಾದ ಮಾತು. ಆದರೂ ಐದಾರು ವರ್ಷಗಳ ಹಿಂದೆ ನಮ್ಮ ವಿಕಿರಣ ಚಿಕಿತ್ಸಾ ವಿಭಾಗದ ಹಳೆಯ ಫೈಲುಗಳನ್ನು ಹರವಿಕೊಂಡು ದಿನ ಎಣಿಸಿದಾಗ, ಶಸ್ತ್ರಚಿಕಿತ್ಸೆಯಿಂದ ಮೊದಲ ಫ್ರ್ಯಾಕ್ಷನ್ನಿಗೆ, ಎಂದರೆ ವಿಕಿರಣದ ಮೊದಲ ಕಂತಿಗೆ, ಸರಾಸರಿ 55 ದಿನಗಳ ಆಸುಪಾಸು ಬಂತು. 70 ದಾಟಿದವರೂ ಕೆಲವರಿದ್ದರು. ಈಗ ಹತ್ತರಲ್ಲಿ ಏಳೆಂಟು ಜನರಿಗೆ 35ನೆಯ ದಿನದೊಳಗೆ ಮೊದಲ ಫ್ರ್ಯಾಕ್ಷನ್ ಆಗಿರುತ್ತದೆ. ಇದು ಆಗದ ಮಾತು ಎಂದು ಬೇರೆ ಬೇರೆ ತಜ್ಞರು ಕೂತು ಚಿಕಿತ್ಸೆ ನಿರ್ಧರಿಸುವ ಟ್ಯೂಮರ್ ಬೋರ್ಡಿನಲ್ಲಿ ತಲೆಯಾಡಿಸಿದ್ದ ಇಬ್ಬರು ಹಿರಿಯರೇ ಈಗ ತಮ್ಮ ರೋಗಿಗಳ ದಿನಾಂಕಗಳನ್ನು ನನ್ನ ಹಾಳೆಯಲ್ಲಿ ಬರೆಸುತ್ತಿದ್ದಾರೆ. ಹೊಸ ಯಂತ್ರ ಬಂದದ್ದರಿಂದ ಹೀಗಾಗಲಿಲ್ಲ. ಯಂತ್ರ ಅದೇ, ಡೋಸಿನ ಲೆಕ್ಕ ನೋಡುವ ಫಿಸಿಸಿಸ್ಟರೂ ಆಗ ಇದ್ದ ಇಬ್ಬರೇ.

ಮೊದಲು ನಾನೂ 42 ದಿನ ಎಂಬ ಸಂಖ್ಯೆಯನ್ನೇ ಹಿಡಿದು ಹೊರಟಿದ್ದೆ, ತಪ್ಪಿದ್ದು ಅಲ್ಲೇ. 2001ರಲ್ಲಿ ಕಿಯಾನ್ ಆಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ಅಪಾಯದ ರೋಗಿಗಳ ಫಲಿತಾಂಶದ ಮೇಲೆ ಪರಿಣಾಮ ಬೀರಿದ್ದು ಶಸ್ತ್ರಚಿಕಿತ್ಸೆಯ ದಿನದಿಂದ ವಿಕಿರಣದ ಕೊನೆಯ ದಿನದವರೆಗಿನ ಒಟ್ಟು ಅವಧಿ. 11 ವಾರಗಳೊಳಗೆ ಮುಗಿಸಿದವರ ಸ್ಥಿತಿ 13 ವಾರ ದಾಟಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು. 11 ವಾರವೆಂದರೆ 77 ದಿನ. 66 ಗ್ರೇ (ಗ್ರೇ ಎಂದರೆ ವಿಕಿರಣ ಡೋಸಿನ ಅಳತೆ) ಡೋಸನ್ನು 33 ಫ್ರ್ಯಾಕ್ಷನ್ನುಗಳಲ್ಲಿ, ವಾರಕ್ಕೆ ಐದರಂತೆ ಕೊಡುವಾಗ ಸೋಮವಾರವೇ ಆರಂಭಿಸಿದರೂ ಮುಗಿಯುವುದು ಏಳನೆಯ ವಾರದ ಬುಧವಾರ, ಎಂದರೆ 44 ದಿನಗಳ ನಂತರ. ಹೀಗಾಗಿ 42ನೆಯ ದಿನ ಆರಂಭಿಸಿದವರು ನಿಯಮ ಪಾಲಿಸಿದ ಸಮಾಧಾನದಲ್ಲಿಯೇ 86ನೆಯ ದಿನ ಮುಗಿಸುತ್ತಾರೆ. 77ರಿಂದ ಹಿಂದಕ್ಕೆ ಎಣಿಸಿದರೆ 33ನೆಯ ದಿನ ಬರುತ್ತದೆ. ಆ 33 ಅನ್ನು ಶಸ್ತ್ರಚಿಕಿತ್ಸೆಯ ದಿನವೇ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡುವುದೇ ನನ್ನ ವಿಧಾನದ ತಿರುಳು. ಉಳಿದುದೆಲ್ಲ ಆ ದಿನಾಂಕವನ್ನು ಉಳಿಸಿಕೊಳ್ಳಲು ಪಟ್ಟ ಪಾಡು.

ಅತಿ ಹೆಚ್ಚು ದಿನ ತಿನ್ನುತ್ತಿದ್ದದ್ದು ಹಲ್ಲು. ರೋಗಿ ಡಿಸ್ಚಾರ್ಜ್ ಆಗಿ, ಹೊಲಿಗೆ ಬಿಚ್ಚಿಸಿಕೊಂಡು, ನಮ್ಮ ಒಪಿಡಿಗೆ ಬಂದ ಮೇಲೆ ನಾವು ದಂತವೈದ್ಯರಿಗೆ ಚೀಟಿ ಬರೆಯುತ್ತಿದ್ದೆವು. ಅಷ್ಟು ಹೊತ್ತಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಲ್ಲು ಕಿತ್ತ ಮೇಲೆ ಕುಳಿ ಮಾಯಲು ಎರಡು ಮೂರು ವಾರ ಬೇಕು. ಅವಸರ ಮಾಡಿದರೆ ಮುಂದೆ ದವಡೆಯ ಮೂಳೆ ಕೊಳೆಯುವ ಭಯ. ಈಗ ಶಸ್ತ್ರಚಿಕಿತ್ಸೆಗೆ ಮುಂಚೆಯೇ ನಾನು ರೋಗಿಯನ್ನು ನೋಡುತ್ತೇನೆ. ದವಡೆಯ ಯಾವ ಭಾಗಕ್ಕೆ ಹೆಚ್ಚು ಡೋಸ್ ಬೀಳಬಹುದೆಂದು ಅಂದಾಜಿಸಿ ದಂತವೈದ್ಯರೊಂದಿಗೆ ಕೂತು ಕೀಳಬೇಕಾದ ಹಲ್ಲುಗಳನ್ನು ಗುರುತಿಸುತ್ತೇನೆ. ಗಡ್ಡೆ ತೆಗೆಯುವಾಗಿನ ಅರಿವಳಿಕೆಯಲ್ಲೇ ಅವೂ ಹೊರಬರುತ್ತವೆ. ಥಿಯೇಟರಿನಲ್ಲಿ ಇದಕ್ಕೆ ತಗಲುವುದು ಇಪ್ಪತ್ತು ನಿಮಿಷ. ಈ ಇಪ್ಪತ್ತು ನಿಮಿಷ ಕೇಳಿ ಪಡೆಯಲು ನನಗೆ ಸುಮಾರು ಎಂಟು ತಿಂಗಳು ಹಿಡಿಯಿತು.

ಎರಡನೆಯದು ಪ್ಯಾಥಾಲಜಿ ವರದಿ. ಕತ್ತರಿಸಿ ತೆಗೆದ ಭಾಗ, ಎಂದರೆ ಸ್ಪೆಸಿಮನ್, ದವಡೆಯ ಮೂಳೆ ಸೇರಿದ್ದಾದರೆ ಮೂಳೆಯನ್ನು ಆಮ್ಲದಲ್ಲಿ ಮೆದುವಾಗಿಸದೆ ಕತ್ತರಿಸಲು ಬರುವುದಿಲ್ಲ, ಆ ಒಂದು ಮೂಳೆಗಾಗಿ ಇಡೀ ವರದಿ ಮೂರು ವಾರ ಕಾಯುತ್ತಿತ್ತು. ಮೃದು ಅಂಗಾಂಶದ ಮಾರ್ಜಿನ್, ಎಂದರೆ ಕತ್ತರಿಸಿದ ಅಂಚು, ಮತ್ತು ಕುತ್ತಿಗೆಯ ದುಗ್ಧಗ್ರಂಥಿಗಳ ವರದಿಯನ್ನು ಮೊದಲು ಕೊಟ್ಟು ಮೂಳೆಯದನ್ನು ನಂತರ ಪೂರಕವಾಗಿ ಕೊಡಿ ಎಂದು ಕೇಳಿಕೊಂಡೆ. ಒಪ್ಪಿದರು, ಈಗ ಹತ್ತು ಹನ್ನೊಂದನೆಯ ದಿನಕ್ಕೆ ಮೊದಲ ಭಾಗ ಕೈಸೇರುತ್ತದೆ. ಗ್ರಂಥಿಯ ಕವಚ ಒಡೆದು ರೋಗ ಹೊರಬಂದಿದೆಯೇ, ಮಾರ್ಜಿನ್ನಿನಲ್ಲಿ ರೋಗ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಬಹುತೇಕ ಅದರಲ್ಲೇ ಉತ್ತರವಿರುತ್ತದೆ. ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲ ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಬೇಕೋ ಬೇಡವೋ ಎಂಬುದು ಅಲ್ಲಿಗೇ ತಿಳಿದುಬಿಡುವುದರಿಂದ, ಶ್ರವಣ ಪರೀಕ್ಷೆ ಮತ್ತು ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಗಳು, ಪ್ಲಾನಿಗಾಗಿ ಮಾಸ್ಕ್ ಮಾಡಿ ಸಿಟಿ ತೆಗೆಯುವ ಸಿಮ್ಯುಲೇಷನ್‌ಗೂ ಮುಂಚೆಯೇ ಮುಗಿದಿರುತ್ತವೆ.

ಇಷ್ಟೆಲ್ಲ ಸರಿಹೋದ ಮೇಲೆ ನಾನು ಎಡವಿದ್ದು ಮಾಸ್ಕಿನಲ್ಲಿ, ಎಂದರೆ ವಿಕಿರಣ ಕೊಡುವಾಗ ತಲೆ ಅಲುಗದಂತೆ ಮುಖದ ಅಚ್ಚಿಗೆ ಮಾಡಿಸುವ ಮುಸುಕಿನಲ್ಲಿ. ಬೇಗ ಆರಂಭಿಸುವ ಹುಮ್ಮಸ್ಸಿನಲ್ಲಿ 17–18ನೆಯ ದಿನಕ್ಕೇ ಮಾಸ್ಕ್ ಮಾಡಿಸಿ ಸಿಟಿ ತೆಗೆಸುತ್ತಿದ್ದೆ. ಆ ಹೊತ್ತಿಗೆ ಗಾಯ ಮುಚ್ಚಲು ಬೇರೆಡೆಯಿಂದ ತಂದು ಜೋಡಿಸಿದ ಅಂಗಾಂಶದ, ಎಂದರೆ ಫ್ಲ್ಯಾಪಿನ ಊತ, ಗದ್ದದ ಕೆಳಗಿನ ಊತ ಇನ್ನೂ ತುಂಬಿಕೊಂಡಿರುತ್ತದೆ. ಒಬ್ಬ ರೋಗಿಯ ಆರನೆಯ ಫ್ರ್ಯಾಕ್ಷನ್ ದಿನ ಟೆಕ್ನಾಲಜಿಸ್ಟ್ ನನ್ನನ್ನು ಒಳಗೆ ಕರೆದರು. ಮಾಸ್ಕಿನ ಎಲ್ಲ ಕ್ಲಿಪ್ಪುಗಳೂ ಬಿಗಿಯಾಗಿದ್ದವು, ಆದರೂ ದವಡೆಯ ಅಂಚಿನಲ್ಲಿ ನನ್ನ ತೋರುಬೆರಳು ಸಲೀಸಾಗಿ ಒಳಗೆ ಹೋಯಿತು. ರೋಗಿ ಎಂಜಲು ನುಂಗಿದಾಗ ಗದ್ದ ಮಾಸ್ಕಿನೊಳಗೇ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ವಿಕಿರಣ ಯಂತ್ರದಲ್ಲೇ ತೆಗೆಯುವ ಕೋನ್ ಬೀಮ್ ಸಿಟಿಯಲ್ಲಿ ಚರ್ಮದ ಗೆರೆ ಒಂದು ಸೆಂಟಿಮೀಟರಿನಷ್ಟು ಒಳಗೆ ಸರಿದಿತ್ತು. ಮಾಸ್ಕ್, ಸಿಟಿ, ಡೋಸ್ ಬೀಳಬೇಕಾದ ಜಾಗಕ್ಕೆ ಗೆರೆ ಎಳೆಯುವ ಕಾಂಟೂರ್, ಪ್ಲಾನ್, ಅದನ್ನು ತಪಾಸಿಸುವ ಕ್ಯುಎ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಹಾಗೆ ಅವಸರಪಟ್ಟ ಮೂರು ತಿಂಗಳಲ್ಲಿ ಹೀಗೆ ಐದಾರು ಮಂದಿಗಾದರೂ ಆಯಿತು. ಉಳಿಸಿದ ಒಂದು ವಾರವನ್ನು ಹಾಗೇ ಕಳೆದುಕೊಂಡಿದ್ದಲ್ಲದೆ, ಫಿಸಿಸಿಸ್ಟರ ಮುನಿಸನ್ನೂ ಕಟ್ಟಿಕೊಂಡೆ.

ಈಗ 23ರಿಂದ 25ನೆಯ ದಿನದ ನಡುವೆ ಮಾಸ್ಕ್ ಮಾಡುತ್ತೇವೆ. ಆ ಮೂರು ದಿನಗಳಲ್ಲಿ ಯಾವ ದಿನ ಎಂಬುದನ್ನು ಊತವನ್ನು ಕೈಯಿಂದ ಮುಟ್ಟಿ ನೋಡಿ ನಿರ್ಧರಿಸುತ್ತೇನೆ. ಅದಕ್ಕೊಂದು ಹಿಡಿತವಿದೆ, ಬರೆದರೆ ತಪ್ಪಾಗಿ ಅರ್ಥವಾಗುವ ಸಂಭವವಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮಲ್ಲಿಗೆ ಬಂದು ನಿಂತು ನೋಡಿದವರಿಗೆ ತೋರಿಸಿದ್ದೇನೆ. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿಟ್ಟ ಟ್ರೇಕಿಯಾಸ್ಟಮಿ ಟ್ಯೂಬ್ ಲೋಹದ್ದಾಗಿದ್ದರೆ ಮಾಸ್ಕಿನ ಹಿಂದಿನ ದಿನವೇ ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿರಬೇಕು. ಇದನ್ನು ಮರೆತು ಸಿಟಿ ಟೇಬಲಿನ ಮೇಲೆ ಒದ್ದಾಡಿದ ದಿನಗಳೂ ಇವೆ.

ಕಾಂಟೂರಿಂಗ್ ಬಗ್ಗೆ ಹೇಳುವುದು ಒಂದೇ. ಶಸ್ತ್ರಚಿಕಿತ್ಸೆಗೆ ಮುಂಚಿನ ಎಂಆರ್‌ಐ ಎದುರಿಗಿಟ್ಟುಕೊಂಡು ಶಸ್ತ್ರವೈದ್ಯರನ್ನು ಕಾಲು ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲ್ಲಿ ಕೆದಕಿದರು, ಎಲ್ಲಿ ಅನುಮಾನ ಬಂತು ಎಂಬುದು ಆಪರೇಷನ್ ನೋಟಿನಲ್ಲಿ ಬರದೆ ಅವರ ಬಾಯಲ್ಲಿ ಮಾತ್ರ ಬರುತ್ತದೆ.

ಇನ್ನು ನನ್ನನ್ನು ಬಹಳ ಕಾಲ ಕಾಡಿದ ಪ್ರಸಂಗ. ಕೆಳದವಡೆಯ ಅರ್ಧಭಾಗ ತೆಗೆದು ಪ್ಲೇಟ್ ಹಾಕಿದ್ದ ಒಬ್ಬರಿಗೆ ಗದ್ದದ ಕೆಳಗೆ ಕಡಲೆಕಾಳಿನಷ್ಟು ಜಾಗದಿಂದ ಎಂಜಲು ಜಿನುಗುತ್ತಿತ್ತು. "ಗಾಯ ಮಾಯದೆ ನಿಮ್ಮ ಕೈಗೆ ಹೇಗೆ ಕೊಡಲಿ, ಡಾಕ್ಟರೇ?" ಎಂದು ಶಸ್ತ್ರವೈದ್ಯರು ಮೊದಲೇ ಹೇಳಿದ್ದರು. ಮಾರ್ಜಿನ್ ಪಾಸಿಟಿವ್ ಇತ್ತು, ನನ್ನ ಕೆಂಪು ದಿನಾಂಕ ಹತ್ತಿರ ಬಂದಿತ್ತು. ನಾನು ಒತ್ತಾಯಿಸಿ 34ನೆಯ ದಿನ ಆರಂಭಿಸಿದೆ. ಹನ್ನೊಂದನೆಯ ಫ್ರ್ಯಾಕ್ಷನ್ ಹೊತ್ತಿಗೆ ಚರ್ಮ ಬಿರಿದು ಪ್ಲೇಟ್ ಹೊರಗೆ ಕಾಣಿಸಿತು. ಮತ್ತೆ ಥಿಯೇಟರ್, ಮತ್ತೊಂದು ಫ್ಲ್ಯಾಪ್, ಸುಮಾರು ಒಂದು ತಿಂಗಳು ವಿಕಿರಣ ನಿಂತಿತು. ಆರಂಭಿಸಿ ನಡುವೆ ನಿಲ್ಲಿಸುವುದು, ತಡವಾಗಿ ಆರಂಭಿಸುವುದಕ್ಕಿಂತ ಕೆಟ್ಟದ್ದು. ಅಂದಿನಿಂದ 28ನೆಯ ದಿನ ನಾನೂ ಶಸ್ತ್ರವೈದ್ಯರೂ ಒಟ್ಟಿಗೇ ಗಾಯ ನೋಡುತ್ತೇವೆ, ಇಬ್ಬರೂ ಸಹಿ ಹಾಕಿದರಷ್ಟೇ ಮುಂದುವರಿಯುವುದು. ಸಹಿ ಬೀಳದಿದ್ದರೆ ಪ್ಲಾನ್ ಸಿದ್ಧವಿಟ್ಟುಕೊಂಡು ಎರಡು ಮೂರು ದಿನಕ್ಕೊಮ್ಮೆ ಮತ್ತೆ ನೋಡುತ್ತೇವೆ. ಗಾಯ ಕೂಡಿದ ಮರುದಿನವೇ ಆರಂಭ. ಈ ಒಂದು ಸಹಿಯಿಂದಾಗಿಯೇ ಶಸ್ತ್ರವೈದ್ಯರ ನಂಬಿಕೆ ನನಗೆ ಮರಳಿ ಸಿಕ್ಕಿತು.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ವಿರೋಧದ ಮೂಲ ಅಲ್ಲಿತ್ತು. 33ನೆಯ ದಿನವನ್ನು ಉಳಿಸಿಕೊಳ್ಳಬೇಕಾದರೆ ಯಂತ್ರದಲ್ಲಿ ದಿನಕ್ಕೆ ಎರಡು ಸ್ಲಾಟ್ ಮುಂಗಡವಾಗಿ ಕಾದಿರಿಸಬೇಕು. ಖಾಲಿ ಬಿಟ್ಟ ಸ್ಲಾಟ್ ನಷ್ಟವೆಂಬುದು ಆಡಳಿತದವರ ಲೆಕ್ಕ. ಯಂತ್ರದ ಸಾಲದ ಕಂತು ಸ್ಲಾಟ್ ತುಂಬಲಿ ಬಿಡಲಿ ಕಟ್ಟಲೇಬೇಕು. ನಾನು ಬೇರೆ ಲೆಕ್ಕ ತೆಗೆದುಕೊಂಡು ಹೋದೆ. ಹಿಂದಿನ ವರ್ಷ ಮರು ಮಾಡಿದ ಮಾಸ್ಕುಗಳು, ಮರು ತೆಗೆದ ಸಿಟಿಗಳು, ಫಿಸಿಸಿಸ್ಟರ ಹೆಚ್ಚುವರಿ ಗಂಟೆಗಳು, ತಡವಾಗಿ ಬಂದು ಅಷ್ಟರಲ್ಲೇ ರೋಗ ಮರುಕಳಿಸಿದ್ದರಿಂದ ಎಲ್ಲವನ್ನೂ ಮೊದಲಿನಿಂದ ಯೋಜಿಸಬೇಕಾದ ನಾಲ್ಕು ಮಂದಿ, ಅರ್ಧಕ್ಕೆ ಬಿಟ್ಟುಹೋದವರಿಂದ ಖಾಲಿಯಾದ ಸ್ಲಾಟುಗಳು, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದೆ. ಕಾದಿರಿಸಿದ ಎರಡು ಸ್ಲಾಟುಗಳ ಹೆಚ್ಚುಕಡಿಮೆ ಒಂದೂವರೆ ಪಟ್ಟು ನಷ್ಟ ಅಲ್ಲೇ ಆಗಿತ್ತು. ಮೂರು ತಿಂಗಳಿಗೆ ಪ್ರಾಯೋಗಿಕವಾಗಿ ಒಪ್ಪಿದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ರೋಗಿಯ ಜೇಬಿನ ಲೆಕ್ಕ ಇದಕ್ಕಿಂತ ಕಠಿಣ. ನಾಲ್ಕನೆಯ ವಾರದಲ್ಲಿ ಬರುವುದನ್ನು ನಿಲ್ಲಿಸಿದವರನ್ನು ಕಂಡು ಬಾಯಿಹುಣ್ಣಿನ ನೋವು ತಾಳದೆ ಬಿಟ್ಟರೆಂದು ನಾವು ಭಾವಿಸುತ್ತಿದ್ದೆವು. ಎಂಟೊಂಬತ್ತು ಮಂದಿಗೆ ನಾನೇ ಫೋನ್ ಮಾಡಿ ವಿಚಾರಿಸಿದಾಗ ಐದಾರು ಮಂದಿ ಹೇಳಿದ್ದು ದುಡ್ಡು ಮುಗಿಯಿತು ಎಂದು. ಚಿಕಿತ್ಸೆಯ ಶುಲ್ಕ ಅವರು ಹೊಂದಿಸಿಕೊಂಡಿದ್ದರು. ಆರೂವರೆ ವಾರ ಊರು ಬಿಟ್ಟು ಉಳಿಯುವ ಬಾಡಿಗೆ, ಜೊತೆಗಿರುವವರ ಕೂಲಿನಷ್ಟ, ಓಡಾಟದ ಖರ್ಚನ್ನು ಯಾರೂ ಅವರಿಗೆ ಮುಂಚಿತವಾಗಿ ಹೇಳಿರಲಿಲ್ಲ. ಈಗ ಶಸ್ತ್ರಚಿಕಿತ್ಸೆಗೆ ಮುಂಚಿನ ಆ ಮೊದಲ ಭೇಟಿಯಲ್ಲೇ, ಮನೆಯವರನ್ನೂ ಕೂರಿಸಿಕೊಂಡು ಈ ಖರ್ಚುಗಳನ್ನು ಕಾಗದದ ಮೇಲೆ ಬರೆದು ಕೊಡುತ್ತೇನೆ. ಸಹಾಯಧನದ ಅರ್ಜಿಯೂ ಅಂದೇ ಹೊರಡುತ್ತದೆ. ಅರ್ಧಕ್ಕೆ ಬಿಡುವವರು ಈಗ ವರ್ಷಕ್ಕೆ ಒಬ್ಬರೋ ಇಬ್ಬರೋ.

ನಡುವೆ ಮಾಡಿ ನೋಡಿದ ಒಂದು ಸಣ್ಣ ಪ್ರಯೋಗವನ್ನೂ ಬರೆದುಬಿಡುತ್ತೇನೆ. ಹೊಲಿಗೆಯ ಗುರುತಿನ ಮೇಲೆ ಚರ್ಮದ ಡೋಸ್ ಕಡಿಮೆಯಾಗದಿರಲೆಂದು ಬೊಲಸ್, ಎಂದರೆ ಚರ್ಮದಂತೆಯೇ ವಿಕಿರಣ ಹೀರುವ ಮೆತ್ತನೆಯ ಹಾಳೆ, ಇಡುತ್ತೇವೆ. ಮಾಸ್ಕಿನ ಮೇಲೆ ಜೆಲ್ ಬೊಲಸ್ ಇಟ್ಟಾಗ ದವಡೆಯ ತಿರುವಿನಲ್ಲಿ ಗಾಳಿಯ ಸಂದು ಉಳಿಯುತ್ತಿತ್ತು. ಒದ್ದೆ ಗಾಜ್ ಇಟ್ಟು ನೋಡಿದೆ. ಅದು ತಿರುವಿಗೆ ಚೆನ್ನಾಗಿ ಕೂರುತ್ತದೆ, ಆದರೆ ನೀರು ದಿನಕ್ಕೊಂದು ಬಗೆ, ದಪ್ಪವೂ ದಿನಕ್ಕೊಂದು ಬಗೆ. ಕೊನೆಗೆ 5 ಮಿಲಿಮೀಟರ್ ಬೊಲಸ್ಸನ್ನು ಗುರುತಿನ ಅಗಲಕ್ಕೆ ಕತ್ತರಿಸಿ, ಚರ್ಮದ ಮೇಲಿಟ್ಟು, ಅದರ ಮೇಲೆಯೇ ಮಾಸ್ಕ್ ಎಳೆಸಿದೆ. ಸಂದು ಹೋಯಿತು. ಆದರೆ ಎಲ್ಲರಿಗೂ ಬೊಲಸ್ ಇಡುತ್ತಿದ್ದ ಹಳೆಯ ರೂಢಿಯನ್ನು ಈ ನೆಪದಲ್ಲಿ ಬಿಟ್ಟೆ. ಚರ್ಮಕ್ಕೆ ರೋಗ ತಾಗಿದ್ದವರಿಗೆ, ಮೇಲ್ಭಾಗದ ಮಾರ್ಜಿನ್ ಅನುಮಾನವಿರುವವರಿಗೆ ಮಾತ್ರ ಇಡುತ್ತೇನೆ. ಉಳಿದವರ ಚರ್ಮ ಐದನೆಯ ವಾರದಲ್ಲಿ ಹಿಂದಿನಂತೆ ಸುಲಿಯುವುದಿಲ್ಲ.

ಆರಂಭ ಸರಿಹೋದರೂ ಕೊನೆ ತಪ್ಪುವುದುಂಟು. ಒಮ್ಮೆ ಯಂತ್ರ ಕೆಟ್ಟು ನಾಲ್ಕು ದಿನ ನಿಂತಾಗ ಕೆಂಪು ದಿನಾಂಕದ ಪಟ್ಟಿಯಲ್ಲಿ ಹನ್ನೊಂದು ಮಂದಿ ಇದ್ದರು. ಶನಿವಾರ ಯಂತ್ರ ತೆರೆಸಿ ಒಂದು ಫ್ರ್ಯಾಕ್ಷನ್, ವಾರದಲ್ಲಿ ಒಂದು ದಿನ ಆರು ಗಂಟೆಗೆ ಕಡಿಮೆಯಿಲ್ಲದ ಅಂತರದಲ್ಲಿ ಎರಡು ಫ್ರ್ಯಾಕ್ಷನ್, ಹೀಗೆ ತಪ್ಪಿದ ದಿನಗಳನ್ನು ತುಂಬಿಸಿದೆವು. ಮೂರನೆಯ ವಾರದ ನಂತರ ತಪ್ಪಿದ ದಿನವನ್ನು ಕೊನೆಗೆ ಸೇರಿಸಿದರಾಯಿತೆಂದು ಬಿಡುವ ರೂಢಿ ನಮ್ಮಲ್ಲಿ ಅಂದಿಗೆ ಮುಗಿಯಿತು. ಸಿಸ್ಪ್ಲಾಟಿನ್ ಬೇಕಾದವರಿಗೆ ವಾರಕ್ಕೊಮ್ಮೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 40 ಮಿಲಿಗ್ರಾಂ ಕೊಡುತ್ತೇವೆ. ವಾರಕ್ಕೊಮ್ಮೆ ಕೊಡುವುದು ಕಡಿಮೆಯೇನಲ್ಲ ಎಂದು ತೋರಿಸಿದ ಜಪಾನಿನ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾದ ಮೇಲೆ ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಎನ್ನುವ ವಾದ ನಮ್ಮ ಬೋರ್ಡಿನಲ್ಲಿ ತಣ್ಣಗಾಯಿತು. ವಾರದ ಕಿಮೋವನ್ನು ಸೋಮವಾರ ಇಟ್ಟರೆ, ವಾಂತಿ ಸುಸ್ತು ಏನಾದರೂ ಆದಾಗ ನೋಡಿಕೊಳ್ಳಲು ಇಡೀ ವಾರ ಮುಂದಿರುತ್ತದೆ.

ಇನ್ನೂ ನನ್ನ ಹಿಡಿತಕ್ಕೆ ಬಾರದ್ದು ತೂಕ. ನಾಲ್ಕನೆಯ ವಾರದೊಳಗೆ ಐದಾರು ಕಿಲೋ ಇಳಿದವರಿಗೆ ಮಾಸ್ಕ್ ಮತ್ತೆ ಸಡಿಲವಾಗುತ್ತದೆ, ಡೋಸಿನಿಂದ ಉಳಿಸಿಕೊಂಡಿದ್ದ ಪರೋಟಿಡ್ ಎಂಬ ಎಂಜಲು ಗ್ರಂಥಿ ಒಳಕ್ಕೆ ಸರಿದು ಹೆಚ್ಚು ಡೋಸಿನ ಕಡೆ ಜಾರುತ್ತದೆ. ಅದಕ್ಕೆ 26 ಗ್ರೇಯೊಳಗೆ ಇಟ್ಟಿದ್ದ ಸರಾಸರಿ ಡೋಸ್ ಪ್ಲಾನಿನ ಕಾಗದದಲ್ಲಷ್ಟೇ ಉಳಿಯುತ್ತದೆ. ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ರೈಲ್ಸ್ ಟ್ಯೂಬನ್ನು ಮೊದಲೇ ಹಾಕಿದರೆ ನುಂಗುವ ಅಭ್ಯಾಸ ತಪ್ಪುತ್ತದೆ, ಹಾಕದಿದ್ದರೆ ತೂಕ ಇಳಿಯುತ್ತದೆ. ಸದ್ಯಕ್ಕೆ ಪ್ರತಿ ಸೋಮವಾರ ತೂಕ ನೋಡಿ, ಎರಡು ಕಿಲೋ ಇಳಿದ ವಾರವೇ ಟ್ಯೂಬ್ ಹಾಕಿ, 15ನೆಯ ಫ್ರ್ಯಾಕ್ಷನ್ನಿಗೆ ಎಲ್ಲರಿಗೂ ಮರು ಸಿಟಿ ತೆಗೆಯುತ್ತಿದ್ದೇನೆ. ಕಳೆದ ಇಪ್ಪತ್ತು ರೋಗಿಗಳಲ್ಲಿ ಏಳು ಮಂದಿಗೆ ಪ್ಲಾನ್ ಬದಲಾಯಿಸಬೇಕಾಯಿತು. ಆ ಏಳರಲ್ಲಿ ಆರು ಮಂದಿ 77ನೆಯ ದಿನದೊಳಗೇ ಮುಗಿಸಿದರು.