200 ರೂಪಾಯಿಯ ಇಯರ್‌ಫೋನ್ ಕೊಡಗಿನ ಮಳೆಗಾಲ ದಾಟಬೇಕಾದರೆ

ಕಳೆದ ವರ್ಷ ಕಕ್ಕಡದ (ನಮ್ಮ ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ನನ್ನ ಇಯರ್‌ಫೋನಿನ ಎಡಗಡೆ ಸದ್ದು ನಿಂತಿತು. ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಬಿಸಾಡುವ ಮೊದಲು ಪಿನ್ ಹತ್ತಿರ ಬ್ಲೇಡಿನಿಂದ ಸಿಗಿದು ನೋಡಿದೆ. ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಗಳು. ಅರ್ಧಕ್ಕರ್ಧ ತುಂಡಾಗಿದ್ದವು. ಉಳಿದವಕ್ಕೆ ಪೂಜೆಯ ಚೊಂಬಿಗೆ ಹಿಡಿಯುವಂಥದ್ದೇ ಹಸಿರು ಕಿಲುಬು. ಒಳಗಿನ ಪುಟ್ಟ ಸ್ಪೀಕರ್ ಮಾತ್ರ ಚೆನ್ನಾಗಿಯೇ ಇತ್ತು. ಅಗ್ಗದ ಇಯರ್‌ಫೋನ್ ಹೆಚ್ಚಾಗಿ ಕೆಡುವುದು ಹೀಗೇ. ಮೊದಲು ಹೋಗುವುದು ತಂತಿ.

ಬ್ಲೂಟೂತ್ ಇರುವಾಗ ತಂತಿಯದ್ದು ಯಾಕೆ ಅಂತೀರಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಚಾರ್ಜ್ ಮಾಡಬೇಕಾದ ಇನ್ನೊಂದು ಸಾಮಾನು ಯಾಕೆ? ಜೊತೆಗೆ, ಎಫ್‌ಎಂ ಇರುವ ಹೆಚ್ಚಿನ ಮೊಬೈಲ್‌ಗಳಿಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಮಡಿಕೇರಿ ಆಕಾಶವಾಣಿಯ 103.1 ಗುಡ್ಡದ ಮರೆಯಲ್ಲಿ ಕರಕರ ಎಂದರೆ ತಂತಿಯನ್ನು ಉದ್ದಕ್ಕೆ ಬಿಡಿಸಿ ಹಿಡಿಯಿರಿ. ದನಿ ತಿಳಿಯಾಗುವುದುಂಟು.

ಹಂತ 1: ಅಂಗಡಿಯಲ್ಲಿ ಕೈಯಿಂದ ನೋಡಿ

ಡಬ್ಬಿಯ ಮೇಲಿನ ‘ಎಕ್ಸ್‌ಟ್ರಾ ಬಾಸ್’, ಅಂದರೆ ಡೋಲಿನಂಥ ತಗ್ಗು ದನಿ ಜಾಸ್ತಿ ಎಂಬ ಮಾತು, ನಂಬಬೇಡಿ. 20ರಿಂದ 20,000 ಹರ್ಟ್ಜ್ ಎಂದು ಎಲ್ಲರೂ ಬರೆಯುತ್ತಾರೆ, ಅದರಿಂದ ಏನೂ ಗೊತ್ತಾಗದು. ಪಿನ್ ನೋಡಿ. ತಂತಿ ಪಿನ್ನಿಗೆ ಸೇರುವಲ್ಲಿ ಬಾಗುವ ರಬ್ಬರ್ ತೋಳು ಇರಬೇಕು. ಇಲ್ಲದಿದ್ದರೆ ಅದೇ ಜಾಗದಲ್ಲಿ ತುಂಡಾಗುತ್ತದೆ. ತಂತಿ ಎರಡಾಗಿ ಕವಲೊಡೆಯುವ ಜಾಗವನ್ನೂ ನೋಡಿ. 3.5 ಮಿ.ಮೀ. ಪಿನ್ನಿನಲ್ಲಿ ಮೂರು ಗೀರು ಇದ್ದರೆ ಮೈಕ್ ಉಂಟು, ಎರಡಿದ್ದರೆ ಬರೀ ಕೇಳಲಿಕ್ಕೆ.

ಹಂತ 2: ಗೊತ್ತಿರುವ ಹಾಡು ಹಾಕಿ ಕೇಳಿ

ಅಂಗಡಿಯವರು ಹಾಕುವ ಹಾಡು ಬೇಡ. ನಾನು ಮೊಬೈಲಿನಲ್ಲಿ ಊರಿನ ಮದುವೆಯ ವಾಲಗ ಇಟ್ಟುಕೊಂಡಿದ್ದೇನೆ. ಡೋಲಿನ ಏಟು ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು, ಗುಂ ಎಂದು ಕಲಸಿಹೋಗಬಾರದು. ಊದುವ ವಾದ್ಯ ಏರಿದಾಗ ಕಿವಿ ಚುಚ್ಚಬಾರದು. ಆಮೇಲೆ ಯಾರಾದರೂ ಮಾತಾಡಿದ್ದನ್ನು ಕೇಳಿ. ‘ಸ’, ‘ಶ’ ಸೀಟಿ ಹೊಡೆದಂತೆ ಬಂದರೆ ಅದನ್ನು ಬಿಡಿ. ಹಾಡುವಾಗಲೇ ಪಿನ್ ಹತ್ತಿರ ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿ. ಚರಚರ ಬಂದರೆ ಹೊಸದಾದರೂ ಹಳೆಯದೇ.

ಹಂತ 3: ಕಿವಿಯೊಳಗೆ ಕೂರುವ ರಬ್ಬರ್ ಬುರುಡೆ ಬದಲಿಸಿ ನೋಡಿ

ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆದರೆ ಸದ್ದು ಸುಧಾರಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ರಬ್ಬರ್ ಬುರುಡೆ ಕೊಟ್ಟಿರುತ್ತಾರೆ. ಬುರುಡೆ ಸಡಿಲವಾದರೆ ಬಾಸ್ ಎಲ್ಲ ಸಂದಿಯಿಂದ ಸೋರಿಹೋಗುತ್ತದೆ. ಆಗ ನಾವು ಇಯರ್‌ಫೋನನ್ನು ಬೈಯುತ್ತಾ ವಾಲ್ಯೂಮ್ ಏರಿಸುತ್ತೇವೆ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ನನ್ನ ಬಲಗಿವಿಗೆ ದೊಡ್ಡದು, ಎಡಕ್ಕೆ ಮಧ್ಯಮ. ಸರಿಯಾಗಿ ಕೂತರೆ ಬಸ್ಸಿನ ಗದ್ದಲದಲ್ಲೂ 60 ಪರ್ಸೆಂಟ್ ವಾಲ್ಯೂಮ್ ಸಾಕು. ಅದಕ್ಕಿಂತ ಜಾಸ್ತಿ ಬೇಡ, ಕಿವಿ ಹಾಳಾಗುತ್ತದೆ.

ಒಂದು ಮಾತು, ದಯವಿಟ್ಟು ಕೇಳಿ. ತೋಟದಲ್ಲಿ ನಡೆಯುವಾಗ ಎರಡೂ ಕಿವಿ ಮುಚ್ಚಬೇಡಿ. ಆನೆ ಬಿದಿರು ಮುರಿಯುವ ಸದ್ದು ಕೇಳಲೇಬೇಕು, ಅಲ್ವಾ? ಒಂದೇ ಕಿವಿಗೆ ಹಾಕಿ. ಸಂಜೆ ಹೊತ್ತು ಅದೂ ಬೇಡ.

ಹಂತ 4: ಒದ್ದೆ ಮತ್ತು ಬೂಷ್ಟಿನಿಂದ ಕಾಪಾಡಿ

ಮೊಬೈಲಿಗೆ ಬಿಗಿಯಾಗಿ ಸುತ್ತುವ ಅಭ್ಯಾಸ ಬಿಡಿ. ಮೂರು ಬೆರಳಿಗೆ ಸಡಿಲವಾಗಿ ಸುತ್ತಿ. ತೆಗೆಯುವಾಗ ಪಿನ್ ಹಿಡಿದು ಎಳೆಯಿರಿ, ತಂತಿ ಹಿಡಿದು ಅಲ್ಲ. ಬೆವರು, ಮಳೆಹನಿ ತಾಗಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿದರೆ ಸಾಕು. ಅಕ್ಕಿಯಲ್ಲಿ ಹೂತಿಡಬೇಡಿ, ಸದ್ದು ಬರುವ ಜಾಲರಿಗೆ ಪುಡಿ ಸೇರುತ್ತದೆ. ಒಲೆಯ ಮೇಲೆ ಕಟ್ಟುವುದಂತೂ ಬೇಡವೇ ಬೇಡ. ಹೊಗೆಗೆ ರಬ್ಬರ್ ಅಂಟಂಟಾಗುತ್ತದೆ.

ಹಂತ 5: ಸದ್ದು ಹೋದರೆ

ಒಂದು ಕಡೆ ಸಣ್ಣಗೆ ಕೇಳಿದರೆ ಬುರುಡೆ ಬಿಚ್ಚಿ, ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಎಷ್ಟೋ ಸಲ ಅಡ್ಡ ಬಂದಿರುವುದು ಕಿವಿಯ ಗುಗ್ಗೆ. ಜಾಲರಿ ಕೆಳಮುಖ ಮಾಡಿ, ಒಣಗಿದ ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ. ನೀರು ಹಾಕಬೇಡಿ.

ಹಾಡುವವರ ದನಿ ಮಾಯವಾಗಿ ವಾದ್ಯ ಮಾತ್ರ ದೂರದಿಂದ ಬಂದಂತೆ ಕೇಳುತ್ತಿದೆಯಾ? ಹಾಗಾದರೆ ಎರಡೂ ಕಡೆಗೆ ಸೇರಿದ ಗ್ರೌಂಡ್ ತಂತಿ ಬಿಟ್ಟಿದೆ, ಅಥವಾ ಪಿನ್ ಪೂರ್ತಿ ಒಳಗೆ ಹೋಗಿಲ್ಲ. ಮೊದಲು ಪಿನ್ ಒತ್ತಿ ನೋಡಿ.

ತಂತಿ ತುಂಡಾಗಿದ್ದರೆ ರಿಪೇರಿ ಅಂಗಡಿಯಲ್ಲಿ ಹೊಸ ಪಿನ್ ಬೆಸುಗೆ ಹಾಕಿಸಬಹುದು. ಕೆಟ್ಟ ಜಾಗದಿಂದ ಎರಡು ಇಂಚು ಮೇಲಕ್ಕೆ ಕತ್ತರಿಸಬೇಕು. ಕಿಲುಬು ಕಾಣದ ಹೊಳೆಯುವ ತಾಮ್ರ ಸಿಗುವವರೆಗೆ. ಸಾಮಾನ್ಯವಾಗಿ ಕೆಂಪು ಎಳೆ ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್. ಎಳೆಗಳ ಮೇಲೆ ಬಣ್ಣದ ಲೇಪ ಇರುತ್ತದೆ. ಅದನ್ನು ಸುಟ್ಟೋ ಕೆರೆದೋ ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ನಾನು ಸಿಗಿದು ನೋಡಿದ ಆ ಇಯರ್‌ಫೋನಿಗೂ ಹೀಗೇ ಪಿನ್ ಹಾಕಿಸಿದೆ. ತಂತಿ ಸ್ವಲ್ಪ ಗಿಡ್ಡವಾಯಿತು ಅಷ್ಟೇ. ಈಗಲೂ ಬೆಳಿಗ್ಗೆ ಅದರಲ್ಲೇ ರೇಡಿಯೊ ಕೇಳುತ್ತೇನೆ.