ಅರಿಯರ್ಸ್ ಹಾಳೆ ತಾಳೆ ನೋಡುವುದು: ಬ್ಯಾಂಕ್ ನೌಕರರ 12ನೇ ಒಪ್ಪಂದ, ದಾವಣಗೆರೆಯ ನನ್ನ ಅನುಭವ

ಬ್ಯಾಂಕ್ ನೌಕರರ ಸಂಬಳ ಪರಿಷ್ಕರಿಸಲು ಬ್ಯಾಂಕುಗಳೂ ಯೂನಿಯನ್‌ಗಳೂ ಮಾಡಿಕೊಂಡ 12ನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು. ಜಾರಿ ಮಾತ್ರ 2022ರ ನವೆಂಬರ್ 1ರಿಂದ. ನಡುವಿನ ಹದಿನಾರು ತಿಂಗಳಿಗೂ ಹೆಚ್ಚಿನ ಅವಧಿಯ ಸಂಬಳದ ವ್ಯತ್ಯಾಸವೇ ಅರಿಯರ್ಸ್, ಅಂದರೆ ಬಾಕಿ. ದಾವಣಗೆರೆ, ಹರಿಹರ, ಜಗಳೂರು ಶಾಖೆಗಳ ಕ್ಲರ್ಕ್ ಮತ್ತು ಸಬ್‌ಸ್ಟಾಫ್ (ಪ್ಯೂನ್, ದಫ್ತರಿ ಮುಂತಾದವರು) ಹಾಳೆಗಳನ್ನು ಯೂನಿಯನ್ ಪರವಾಗಿ ಕೂತು ತಾಳೆ ನೋಡುವಾಗ ನಾನು ಅನುಸರಿಸುವ ಕ್ರಮ ಇಲ್ಲಿದೆ. ಕೊನೆಯ ಸಾಲಿನ ಒಟ್ಟು ಮೊತ್ತವನ್ನು ನಾನು ಮೊದಲು ನೋಡುವುದೇ ಇಲ್ಲ. ದುಡ್ಡು ಯಾವ ಕಲಂನಲ್ಲಿ ಬಂದಿದೆ ಅನ್ನುವುದು ಮುಖ್ಯ.

ಮೊದಲು ಕಾಗದ. 2022ರ ಅಕ್ಟೋಬರ್‌ನಿಂದ ಅರಿಯರ್ಸ್ ಬಂದ ತಿಂಗಳವರೆಗಿನ ಎಲ್ಲ ಪೇ ಸ್ಲಿಪ್ ಬೇಕು. ಅಕ್ಟೋಬರ್ ಸ್ಲಿಪ್ ಯಾಕೆಂದರೆ, ಹಳೆಯ ಸ್ಕೇಲಿನಲ್ಲಿ ಎಷ್ಟನೇ ಹಂತದಲ್ಲಿದ್ದರು ಅನ್ನುವುದು ಅದರಿಂದಲೇ ಖಚಿತವಾಗುತ್ತದೆ. ಇಂಕ್ರಿಮೆಂಟ್ ತಿಂಗಳು, ಜೆಎಐಐಬಿ ಅಥವಾ ಸಿಎಐಐಬಿ (ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆಗಳು) ಪಾಸಾಗಿ ಹೆಚ್ಚುವರಿ ಇಂಕ್ರಿಮೆಂಟ್ ಸಿಕ್ಕ ದಿನ, ಲಾಸ್ ಆಫ್ ಪೇ ದಿನಗಳು, ಅರ್ಧ ಸಂಬಳದ ರಜೆ, ಮುಷ್ಕರದ ಕಡಿತ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಎಕ್ಸೆಲ್ ತೆರೆಯುವುದು ಆಮೇಲೆ.

ಬೇಸಿಕ್ ಬದಲಾಗುವುದು ಹಂತಕ್ಕೆ ಹಂತ. ಕ್ಲರ್ಕ್‌ಗಳ ಹಳೆಯ ಸ್ಕೇಲ್ 17,900ರಿಂದ 47,920. ಹೊಸದು 24,050ರಿಂದ 64,480. ಸಬ್‌ಸ್ಟಾಫ್‌ಗೆ 14,500-28,145 ಇದ್ದದ್ದು 19,500-37,815 ಆಗಿದೆ. ಹಳೆಯ ಬೇಸಿಕ್ 30,550 ಅಂದರೆ ಹನ್ನೊಂದನೇ ಹಂತ. ಹೊಸ ಸ್ಕೇಲಿನ ಹನ್ನೊಂದನೇ ಹಂತ 41,020. ಬಹಳ ಜನ 30,550ಕ್ಕೆ ಶೇ 17 ಕೂಡಿಸಿ ನೋಡಿ, ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಗಾಬರಿಯಾಗುತ್ತಾರೆ. ಶೇ 17 ಎನ್ನುವುದು ಬ್ಯಾಂಕುಗಳ ಒಟ್ಟು ಪೇ ಸ್ಲಿಪ್ ವೆಚ್ಚದ ಮೇಲಿನ ಏರಿಕೆ, ಒಬ್ಬೊಬ್ಬರ ಬೇಸಿಕ್ ಮೇಲಿನದಲ್ಲ. ಬೆಲೆ ಸೂಚ್ಯಂಕದ ಹಳೆಯ ಸರಣಿಯ 8088 ಅಂಶದವರೆಗಿನ ಡಿಎ, ಅಂದರೆ ತುಟ್ಟಿಭತ್ಯೆ, ಹೊಸ ಬೇಸಿಕ್‌ನೊಳಗೆ ಸೇರಿಹೋಗಿದೆ. ಬೇಸಿಕ್ ಅಷ್ಟು ಜಿಗಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಅದು.

ಡಿಎ ಬದಲಾಗುವುದು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ. ಹಿಂದಿನ ತ್ರೈಮಾಸಿಕದ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ತೆಗೆದು, ಅದರಿಂದ 123.03 ಕಳೆದರೆ ಬರುವುದೇ ಹೊಸ ಡಿಎ ಶೇಕಡಾ. 2022ರ ಅಕ್ಟೋಬರ್ 132.5, ನವೆಂಬರ್ 132.5, ಡಿಸೆಂಬರ್ 132.3, ಸರಾಸರಿ 132.43. ಹಾಗಾಗಿ 2023ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಡಿಎ ಶೇ 9.40. ಅದೇ ಅವಧಿಗೆ ಹಳೆಯ ಲೆಕ್ಕದಲ್ಲಿ, ಅಂದರೆ ಹಳೆಯ ಸರಣಿಯ 6352ರ ಮೇಲೆ ಪ್ರತಿ 4 ಅಂಶದ ಸ್ಲ್ಯಾಬ್‌ಗೆ ಶೇ 0.07ರಂತೆ, 588 ಸ್ಲ್ಯಾಬ್ ಆಗಿ ಶೇ 41.16.

ಈಗ ಅದೇ ಹನ್ನೊಂದನೇ ಹಂತದ ಕ್ಲರ್ಕ್‌ನ 2023ರ ಫೆಬ್ರವರಿ ತಿಂಗಳನ್ನು ಬಿಡಿಸಿ ನೋಡೋಣ. ಹಳೆಯದರಲ್ಲಿ ಬೇಸಿಕ್ 30,550, ಅದರ ಶೇ 16.4 ಸ್ಪೆಷಲ್ ಅಲೋಯನ್ಸ್ 5,010.20, ಇವೆರಡರ ಮೇಲೂ ಡಿಎ 14,636.58, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಬೇಸಿಕ್‌ನ ಶೇ 10.25ರಂತೆ 3,131.38. ಒಟ್ಟು 53,328.16. ಹೊಸದರಲ್ಲಿ ಬೇಸಿಕ್ 41,020, ಶೇ 26.5 ಸ್ಪೆಷಲ್ ಅಲೋಯನ್ಸ್ 10,870.30, ಡಿಎ 4,877.69, ಎಚ್‌ಆರ್‌ಎ 4,204.55. ಒಟ್ಟು 60,972.54. ಟ್ರಾನ್ಸ್‌ಪೋರ್ಟ್ ಅಲೋಯನ್ಸ್ ಮತ್ತಿತರ ಸಣ್ಣ ಬಾಬ್ತು ಬಿಟ್ಟರೆ ಆ ಒಂದು ತಿಂಗಳ ವ್ಯತ್ಯಾಸ 7,644.38 ರೂಪಾಯಿ.

ಇಲ್ಲಿಗೆ ನಿಲ್ಲಿಸಬೇಡಿ. ಈ 7,644ರಲ್ಲಿ ಬೇಸಿಕ್ ಮತ್ತು ಅದರ ಡಿಎಯಿಂದ ಬಂದದ್ದು 1,751.50 ಮಾತ್ರ. ಸ್ಪೆಷಲ್ ಅಲೋಯನ್ಸ್ ಮತ್ತು ಅದರ ಡಿಎಯಿಂದ 4,819.71. ಉಳಿದದ್ದು ಎಚ್‌ಆರ್‌ಎ. ಸ್ಪೆಷಲ್ ಅಲೋಯನ್ಸ್ ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಸೇರುವುದಿಲ್ಲ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿದ್ದಾರೆ. ಅವರಿಗೆ ನೌಕರರ ಪಾಲು ಶೇ 10, ಬ್ಯಾಂಕಿನ ಪಾಲು ಶೇ 14, ಎರಡೂ ಬೇಸಿಕ್ ಮತ್ತು ಡಿಎ ಮೇಲೆ ಮಾತ್ರ. ಅಂದರೆ ಆ ತಿಂಗಳ ಅರಿಯರ್ಸ್‌ನಿಂದ ಅವರ ಎನ್‌ಪಿಎಸ್ ಖಾತೆಗೆ ಹೊಸದಾಗಿ ಸೇರಬೇಕಾದದ್ದು ಅವರದು 175.15, ಬ್ಯಾಂಕಿನದು 245.21. ಏಳೂವರೆ ಸಾವಿರ ಕೈಗೆ ಬಂತು ಎಂದು ಖುಷಿಪಡುವ ಹುಡುಗರಿಗೆ ಈ ಎರಡು ಅಂಕಿ ತೋರಿಸುವುದು ನನಗೆ ಕರ್ತವ್ಯ ಅನ್ನಿಸುತ್ತದೆ. ಎನ್‌ಪಿಎಸ್ ಸ್ಟೇಟ್‌ಮೆಂಟ್ ತೆಗೆದು ಎರಡೂ ಪಾಲು ಜಮಾ ಆಗಿವೆಯೇ ನೋಡಿ. ನೌಕರರ ಪಾಲು ಸ್ಲಿಪ್‌ನಲ್ಲಿ ಕಾಣುತ್ತದೆ, ಬ್ಯಾಂಕಿನ ಪಾಲು ಅಲ್ಲಿ ಹೋಗಿ ನೋಡದೆ ಗೊತ್ತಾಗುವುದಿಲ್ಲ.

ತಪ್ಪುಗಳು ಹೆಚ್ಚಾಗಿ ತಿಂಗಳ ಗಡಿಯಲ್ಲೇ ಆಗುತ್ತವೆ. 2023ರ ಆಗಸ್ಟ್-ಅಕ್ಟೋಬರ್ ಡಿಎ ಶೇ 12.07, ನವೆಂಬರ್‌ನಿಂದ 15.77. ಎಕ್ಸೆಲ್‌ನಲ್ಲಿ ಒಂದು ಸಾಲು ಮೇಲೆ ಎಳೆದು ಅಕ್ಟೋಬರ್‌ಗೂ 15.77 ಹಾಕಿದರೆ, ಮೇಲಿನ ಬೇಸಿಕ್ ಇದ್ದವರಿಗೇ 1,920 ರೂಪಾಯಿ ಹೆಚ್ಚು ತೋರುತ್ತದೆ. ಅದನ್ನು ನಂಬಿಕೊಂಡು ಬಾಕಿ ಕೇಳಿದರೆ ನಮ್ಮ ಮಾತಿಗೇ ಬೆಲೆ ಇರುವುದಿಲ್ಲ. ಎಚ್‌ಆರ್‌ಎಗೆ ಡಿಎ ಕೂಡಿಸುವುದು ಇನ್ನೊಂದು ತಪ್ಪು. ಅದರ ಮೇಲೆ ಡಿಎ ಇಲ್ಲ. ದಾವಣಗೆರೆ ಪೇಟೆಯಲ್ಲಿದ್ದರೂ ಜಗಳೂರಿನ ಹಳ್ಳಿ ಶಾಖೆಯಲ್ಲಿದ್ದರೂ ಕ್ಲರ್ಕ್, ಸಬ್‌ಸ್ಟಾಫ್‌ಗೆ ಎಚ್‌ಆರ್‌ಎ ಒಂದೇ ಶೇ 10.25, ಹಾಗಾಗಿ ವರ್ಗಾವಣೆಯಾದವರಿಗೆ ಆ ಕಲಂ ಒಡೆಯಬೇಕಿಲ್ಲ.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ಮೆಕ್ಕೆಜೋಳದ ಸೀಸನ್. ಎಪಿಎಂಸಿಗೆ ಮಾಲು ಬರುವ ಅಕ್ಟೋಬರ್, ನವೆಂಬರ್, ಡಿಸೆಂಬರ್‌ನಲ್ಲಿ ನಗದು ಓಡಾಟ ಜೋರು. ಹೆಡ್ ಕ್ಯಾಷಿಯರ್ ರಜೆ ಹಾಕಿದ ದಿನ ಬೇರೆ ಕ್ಲರ್ಕ್ ಆ ಜಾಗದಲ್ಲಿ ಕೂರುತ್ತಾರೆ. ಆ ದಿನಗಳ ಆಫಿಷಿಯೇಟಿಂಗ್ ಸ್ಪೆಷಲ್ ಪೇ ಕೂಡ ಹೊಸ ದರಕ್ಕೆ ಏರಬೇಕು. ಕಂಪ್ಯೂಟರ್ ತಾನಾಗಿ ಬದಲಿಸುವುದು ಕಾಯಂ ಬಾಬ್ತನ್ನು. ದಿನಲೆಕ್ಕದ್ದು ಕೈಬಿಟ್ಟುಹೋಗುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಶಾಖೆಯ ಹಾಜರಿ ಪುಸ್ತಕದಿಂದ ದಿನ ಎಣಿಸಿ ಬರೆದಿಟ್ಟುಕೊಳ್ಳಿ.

ನಡುವೆ ಆಫೀಸರ್ ಆದವರ ಲೆಕ್ಕ ಎರಡು ತುಂಡು. ಬಡ್ತಿಯ ಹಿಂದಿನ ದಿನದವರೆಗೆ ಕ್ಲರ್ಕ್ ಒಪ್ಪಂದ, ಆಮೇಲೆ ಜಾಯಿಂಟ್ ನೋಟ್, ಅಂದರೆ ಆಫೀಸರ್‌ಗಳ ಪ್ರತ್ಯೇಕ ಒಪ್ಪಂದ.

ಅರೆಕಾಲಿಕ ಸ್ವೀಪರ್‌ಗಳ ಹಾಳೆಯನ್ನು ನಾನು ಎಲ್ಲರಿಗಿಂತ ನಿಧಾನವಾಗಿ ನೋಡುತ್ತೇನೆ. ವಾರಕ್ಕೆ 6 ಗಂಟೆ ಮೀರಿ 13ರವರೆಗೆ ಕೆಲಸವಿದ್ದರೆ ಸ್ಕೇಲಿನ ಮೂರನೇ ಒಂದು, 19ರವರೆಗೆ ಅರ್ಧ, 29ರವರೆಗೆ ಮುಕ್ಕಾಲು, ಅದರ ಮೇಲೆ ಪೂರ್ತಿ. ಮೂರನೇ ಒಂದರವರ ಹೊಸ ಆರಂಭದ ಬೇಸಿಕ್ 6,500. ಬಹಳ ಕಡೆ ಕಾಗದದಲ್ಲಿ 12 ಗಂಟೆ ಇರುತ್ತದೆ. ಎಟಿಎಂ ಕೋಣೆ, ಮೇಲಿನ ಮಹಡಿ, ರೆಕಾರ್ಡ್ ರೂಮ್ ಸೇರಿಸಿದರೆ 16 ದಾಟಿರುತ್ತದೆ. "ಅಕ್ಕಾ, ಬೆಳಿಗ್ಗೆ ಎಷ್ಟಕ್ಕೆ ಬಂದು ಎಷ್ಟಕ್ಕೆ ಹೋಗ್ತೀರಿ, ಒಂದು ತಿಂಗಳು ದಿನಾ ಬರೆದಿಡ್ರಿ" ಎಂದು ಒಂದು ನೋಟ್‌ಬುಕ್ ಕೊಡುತ್ತೇನೆ. ಶಾಖೆಯ ಬಾಗಿಲು ತೆಗೆಯುವ ಸಬ್‌ಸ್ಟಾಫ್ ಅದರ ಪಕ್ಕದಲ್ಲಿ ಸಹಿ ಹಾಕಿದರೆ ಅರ್ಧ ಸ್ಕೇಲಿಗೆ ಅರ್ಜಿ ಕೊಡಲು ಗಟ್ಟಿ ಆಧಾರ ಸಿಗುತ್ತದೆ.

ಹಿಂದಿನ ವರ್ಷದ ಬಾಕಿ ಈ ವರ್ಷ ಕೈಸೇರಿ ಆದಾಯ ತೆರಿಗೆ ಹೆಚ್ಚಾದರೆ ಸಿಗುವ ಸೆಕ್ಷನ್ 89ರ ಪರಿಹಾರ ಬಿಡಬೇಡಿ ಎಂದು ಅರಿಯರ್ಸ್ ಬಂದಾಗ ಎಲ್ಲರಿಗೂ ಹೇಳಿದ್ದೆ. 2022ರ ನವೆಂಬರ್‌ನಿಂದ 2023ರ ಮಾರ್ಚ್‌ವರೆಗಿನ ಐದು ತಿಂಗಳದ್ದು 2022-23ನೇ ಹಣಕಾಸು ವರ್ಷದ ಆದಾಯ. ಆ ಪರಿಹಾರ ಕೇಳುವ ಫಾರ್ಮ್ 10ಇ ಅನ್ನು ರಿಟರ್ನ್‌ಗಿಂತ ಮೊದಲು ಸಲ್ಲಿಸಬೇಕಿತ್ತು. ರಿಟರ್ನ್‌ನಲ್ಲಿ ಪರಿಹಾರ ತೋರಿಸಿ 10ಇ ಮರೆತವರಿಗೆ ಪರಿಹಾರ ತೆಗೆದುಹಾಕಿ ಬಾಕಿ ತೆರಿಗೆಯ ನೋಟಿಸ್ ಬಂತು.

ಕಡಿಮೆ ಬಂದಿದ್ದರೆ "ದಯವಿಟ್ಟು ಪರಿಶೀಲಿಸಿ" ಎಂಬ ಒಂದು ಸಾಲಿನ ಪತ್ರ ಬರೆದರೆ ಉತ್ತರ ಬರುವುದಿಲ್ಲ. ತಿಂಗಳು, ಬಾಬ್ತು, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ ಎಂದು ಐದು ಕಲಂ ಹಾಕಿ, ಒಂದು ಪುಟ ಮೀರದಂತೆ ಬರೆಯಿರಿ. ಶಾಖೆಯ ಸೀಲು ಮತ್ತು ದಿನಾಂಕದೊಂದಿಗೆ ಪ್ರತಿ ಪಡೆದು, ಒಂದನ್ನು ಯೂನಿಯನ್‌ಗೆ ಕೊಡಿ.

ಈ ಒಪ್ಪಂದ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನ ಬೇಡಿಕೆ ಪಟ್ಟಿಗೆ ಸಲಹೆ ಕೇಳಿದಾಗ ನಮ್ಮ ಕಡೆಯಿಂದ ಕಳಿಸಲು ನಾನು ಬರೆದಿಟ್ಟಿರುವುದು ಒಂದೇ: ಸ್ಪೆಷಲ್ ಅಲೋಯನ್ಸ್ ಅನ್ನು ಬೇಸಿಕ್‌ಗೆ ಸೇರಿಸಿ. ಜೊತೆಗೆ 2023ರ ಫೆಬ್ರವರಿಯ ಆ ಲೆಕ್ಕದ ಹಾಳೆಯನ್ನೂ ಲಗತ್ತಿಸಿದ್ದೇನೆ, 1,751.50 ಮತ್ತು 4,819.71ರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.