ಕೆಡವಿದ ಶಾಲೆಯ ಮಣ್ಣಲ್ಲೇ ಹೊಸ ಕೊಠಡಿ: ಬ್ಲಾಕು, ಖರ್ಚು, ಕೆಟ್ಟಿದ್ದು

ಎರಡು ಮಳೆಗಾಲ ಕಳೆಯಿತು, ಮಣ್ಣಿನ ಬ್ಲಾಕಿನ ಗೋಡೆ ಕರಗಿಲ್ಲ. "ಮೊದಲ ಇರಚಲಿಗೇ ಹೋಗುತ್ತೆ" ಅಂದವರೇ ಈಗ ಬ್ಲಾಕು ಒತ್ತುವ ಪ್ರೆಸ್ಸು ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ವಿಚಾರಿಸುತ್ತಿದ್ದಾರೆ. ತುಮಕೂರು ಕಡೆಯ ಕೆಂಪುಮಣ್ಣಿನ ಊರು. ಸರ್ಕಾರಿ ಶಾಲೆಯ ಎರಡು ಹೆಂಚಿನ ಕೊಠಡಿ ಕೆಡವಿ ಅಲ್ಲೇ ಎರಡು ಹೊಸ ಕೊಠಡಿ, ಒಂದು ಜಗಲಿ. ಸಿಮೆಂಟು-ಮಣ್ಣಿನ ಬ್ಲಾಕು ಹೊಸದಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಗ್ರಾಮೀಣ ತಂತ್ರಜ್ಞಾನ ವಿಭಾಗ ‘ಅಸ್ತ್ರ’ದವರು ಎಪ್ಪತ್ತರ ದಶಕದಿಂದಲೇ ಮಾಡಿ ತೋರಿಸಿದ್ದಾರೆ. ನಾನು ಮಾಡಿದ್ದು, ಕೆಡವಿದ ಗೋಡೆಯನ್ನೂ ಅದರೊಳಗೆ ಸೇರಿಸಿದ್ದು.

ಮೊದಲ 300 ಬ್ಲಾಕು ನೇರವಾಗಿ ಪಾಯದ ಮಣ್ಣಿಂದ ಒತ್ತಿದೆವು. ಮೂರನೇ ದಿನಕ್ಕೆ ಮೂಲೆಮೂಲೆಯಲ್ಲಿ ಕೂದಲೆಳೆ ಬಿರುಕು. ಮಣ್ಣನ್ನು ನೀರಿನ ಬಾಟ್ಲಿಯಲ್ಲಿ ಅಲ್ಲಾಡಿಸಿ ಇಟ್ಟು ನೋಡಿದರೆ ಜೇಡಿ ನೂರಕ್ಕೆ ಮೂವತ್ತರ ಹತ್ತಿರ. ನಮಗೆ ಬೇಕಿರುವುದು ಹತ್ತರಿಂದ ಹದಿನೈದು. ಸಿಮೆಂಟು ಹೆಚ್ಚಿಸಿ ಅಂದರು ಮೇಸ್ತ್ರಿ. ಅದು ದುಡ್ಡಿಗೆ ದಂಡ, ಬಿರುಕಂತೂ ನಿಲ್ಲಲ್ಲ. ಕೊನೆಗೆ ಕುದುರಿದ ಅಳತೆ: ಪಾಯದ ಮಣ್ಣು 4 ಬಾಂಡ್ಲಿ, ಹಳೇ ಗೋಡೆಯ ಇಟ್ಟಿಗೆ ಪುಡಿ 3, ಜಲ್ಲಿಪುಡಿ 3. ಎಲ್ಲವೂ 4.75 ಮಿ.ಮೀ. ಜರಡಿ ದಾಟಿರಬೇಕು. ಸಿಮೆಂಟು ತೂಕದಲ್ಲಿ ನೂರಕ್ಕೆ 7.

ಹಳೇ ಇಟ್ಟಿಗೆ ಪುಡಿ ನೀರು ಕುಡಿಯುತ್ತೆ. ಒಣಗಿದ್ದನ್ನೇ ಕಲಸಿದರೆ ತೇವ ನೋಡುವ ಉಂಡೆ ಪರೀಕ್ಷೆ ಪಾಸಾಗುತ್ತೆ, ಸೊಂಟದೆತ್ತರದಿಂದ ಬಿಟ್ಟ ಉಂಡೆ ಸರಿಯಾಗಿ ಮೂರ್ನಾಲ್ಕು ಚೂರಾಗುತ್ತೆ. ಹತ್ತು ನಿಮಿಷ ಕಳೆದರೆ ಅದೇ ಮಿಶ್ರಣ ಹುಡಿಹುಡಿ, ಬ್ಲಾಕಿನ ಅಂಚು ಕೈಯಲ್ಲೇ ಉದುರುತ್ತೆ. ಹಿಂದಿನ ಸಂಜೆಯೇ ನೀರು ಚಿಮುಕಿಸಿ ಟಾರ್ಪಾಲು ಮುಚ್ಚಿಡಿ.

ದೊಡ್ಡ ಪೆಟ್ಟು ಬಿದ್ದದ್ದು ಪುಡಿ ಸಾಲದೆ ತಾಲ್ಲೂಕು ಕೇಂದ್ರದಿಂದ ಎರಡು ಟ್ರ್ಯಾಕ್ಟರ್ ಅವಶೇಷ ತರಿಸಿದಾಗ. ಅದರಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಜಿಪ್ಸಂ) ಸೀಲಿಂಗಿನ ಚೂರು ಇತ್ತು. 28 ದಿನಕ್ಕೆ ಬ್ಲಾಕು ಗಟ್ಟಿಯಾಗೇ ಇತ್ತು. ಮಳೆ ನೆಂದ ಮೇಲೆ ಉಬ್ಬಿ ಒಡೆಯಿತು. ಜಿಪ್ಸಂನ ಸಲ್ಫೇಟು ತೇವದಲ್ಲಿ ಸಿಮೆಂಟಿನ ಜೊತೆ ಸೇರಿ ಹಿಗ್ಗುತ್ತೆ. 400 ಬ್ಲಾಕು ಹೋಯಿತು. ಪುಣ್ಯಕ್ಕೆ ಕಾಂಪೌಂಡಿಗೆ ಇಟ್ಟಿದ್ದೆ. ಬಿಳಿ ಚೂರು ಕಂಡ ಲೋಡನ್ನು ಈಗ ಇಳಿಸಿಕೊಳ್ಳುವುದೇ ಇಲ್ಲ.

ಬ್ಲಾಕು 230-190-100 ಮಿ.ಮೀ. ಹಸಿಯಲ್ಲಿ 8.6 ಕೆ.ಜಿ. ತೂಗಿಯೇ ಅಚ್ಚಿಗೆ ಹಾಕಿ, ಡಬ್ಬದ ಅಳತೆ ನಂಬಬೇಡಿ. ಕಮ್ಮಿಯಾದರೆ ಪೊಳ್ಳು. ಜಾಸ್ತಿಯಾದರೆ ಪ್ರೆಸ್ಸಿನ ಸನ್ನೆ ಇಳಿಯಲ್ಲ, ಹುಡುಗರು ನೇತಾಡಿ ಪಿನ್ನು ಬಗ್ಗಿಸುತ್ತಾರೆ (ಎರಡು ಸಲ ಆಯಿತು). ಒಂದು ಚೀಲ ಸಿಮೆಂಟಿಗೆ ಹತ್ತಿರತ್ತಿರ 90 ಬ್ಲಾಕು. ಆರು ಜನ ದಿನಕ್ಕೆ 450 ಒತ್ತುತ್ತಾರೆ, ಅಂದರೆ ಇಡೀ ಚೀಲ ಕಲಸಿದರೆ ಮುಗಿಸಲು ಒಂದೂವರೆ ಗಂಟೆ. ಅಷ್ಟರಲ್ಲಿ ಸಿಮೆಂಟು ಕಚ್ಚಲು ಶುರು. ಹಾಗೆ ಮಾಡಿದ ದಿನದ ಬ್ಲಾಕಿನ ಬಲ ಅರ್ಧಕ್ಕಿಳಿದಿತ್ತು. ಅರ್ಧ ಚೀಲ ಮೀರಬೇಡಿ. ಕ್ಯೂರಿಂಗ್ ಮೂರು ವಾರ, ಗೋಣಿಚೀಲದ ಕೆಳಗೆ, ನೆರಳಲ್ಲಿ.

ಖರ್ಚು ನೆನಪಿದ್ದಷ್ಟು: ಬ್ಲಾಕಿಗೆ ಸಿಮೆಂಟು ನಾಲ್ಕೂವರೆ ರೂಪಾಯಿ, ಕೂಲಿ ಒಂಬತ್ತು ಚಿಲ್ಲರೆ, ಜಲ್ಲಿಪುಡಿ ಎರಡು, ಬಾಡಿಗೆ-ನೀರು-ಒಡೆದದ್ದು ಎಲ್ಲ ಸೇರಿ ಮೂರು. ಹದಿನೆಂಟೂವರೆ, ಹತ್ತೊಂಬತ್ತು. ಒಂದು ಬ್ಲಾಕು ನಾಡ ಇಟ್ಟಿಗೆ ಎರಡೂವರೆಯ ಜಾಗ ತುಂಬುತ್ತೆ. ಇಟ್ಟಿಗೆ ಒಂದಕ್ಕೆ ಆಗಿನ ಒಂಬತ್ತು ರೂಪಾಯಿ ಹಿಡಿದು ನೀವೇ ಲೆಕ್ಕ ಹಾಕಿ, ಉಳಿತಾಯವಾದ ಗಾರೆ, ಮಾಡದ ಗಿಲಾವು ಬೇರೆ. ಒಟ್ಟು 4,600 ಬ್ಲಾಕು ಹಿಡಿಯಿತು.

ಆದರೆ ಉಳಿತಾಯದಲ್ಲಿ ಒಂದು ಪಾಲನ್ನು ಬಡ್ಡಿ ತಿಂದಿತು. ಎಸ್ಟಿಮೇಟಲ್ಲಿದ್ದದ್ದು ಸುಟ್ಟ ಇಟ್ಟಿಗೆ, ಎಂ.ಬಿ. (ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ) ಬರೆಯಲು ಯಾರೂ ತಯಾರಿಲ್ಲ. ಮಣ್ಣಿನ ಬ್ಲಾಕಿನ ಭಾರತೀಯ ಮಾನದಂಡ ಐಎಸ್ 1725ರ ಪ್ರಕಾರ ಪರೀಕ್ಷೆ ಮಾಡಿಸಿದೆ, ನೆನೆಸಿದ ಬ್ಲಾಕಿನ ಬಲ ಚದರ ಮಿ.ಮೀ.ಗೆ 4 ನ್ಯೂಟನ್ನಿನ ಮೇಲೆ ಬಂತು, ಬೇಕಿದ್ದದ್ದು 3.5. ಆದರೂ ಕಡತ ಕದಲಲಿಲ್ಲ. ಸರ್ಕಾರಿ ಗುತ್ತಿಗೆಗಳಲ್ಲಿ ಕಟ್ಟಡ ಅವಶೇಷದಿಂದ ತಯಾರಾದ ಸಾಮಗ್ರಿ ನೂರಕ್ಕೆ 10ರಿಂದ 20ರಷ್ಟು ಕಡ್ಡಾಯವಾಗಲಿ ಅನ್ನುತ್ತಿದ್ದ 2016ರ ಕೇಂದ್ರ ನಿಯಮದ ಪ್ರತಿ ಲಗತ್ತಿಸಿದ ಮೇಲೆ ಕದಲಿತು. ಬಿಲ್ಲಾಗುವಾಗ ಎರಡು ತಿಂಗಳು ತಡ. ನೀವು ಈಗ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಕೆಲಸ ಶುರುವಿಗೆ ಮುಂಚೆಯೇ ಕೊಡಿ.

ಕಟ್ಟುವ ಗಾರೆ 1:4 (ಸಿಮೆಂಟು 1, ಮರಳು 4) ಬೇಡ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಬ್ಲಾಕನ್ನೇ ಸೀಳುತ್ತೆ. ಸಿಮೆಂಟು 1, ಮಣ್ಣು 2, ಮರಳು 6 ಸಾಕು.

ಹಳೇ ಜಗಲಿಯ ಕಾಂಕ್ರೀಟು ಒಡೆದು ಪಾಯದ ಬೆಡ್ಡಿಗೆ ಪೂರ್ತಿ ಬಳಸಿದೆ. ಜಲ್ಲಿ-ಮರಳಿನ ಮಾನದಂಡವಾದ 2016ರ ಐಎಸ್ 383 ಬಡ (ಸಿಮೆಂಟು ಕಮ್ಮಿಯ) ಕಾಂಕ್ರೀಟಿಗೆ ಇದನ್ನು ಒಪ್ಪುತ್ತೆ. ಆರ್‌ಸಿಸಿಗೂ (ಸರಳು ಹಾಕಿದ ಕಾಂಕ್ರೀಟು, ಎಂ25 ದರ್ಜೆಯವರೆಗೆ) ಜಲ್ಲಿಯಲ್ಲಿ ನೂರಕ್ಕೆ 20ರವರೆಗೆ ಹಾಕಬಹುದು, ನಾನು ಹಾಕಲಿಲ್ಲ. ಮಂಗಳೂರು ಹೆಂಚು ಎರಡೆರಡು ಜೋಡಿಸಿ ತಾರಸಿಯ ಸರಳುಗಳ ನಡುವೆ ಇಟ್ಟೆ, ಕಾಂಕ್ರೀಟು ಐದರಲ್ಲೊಂದು ಪಾಲು ಉಳಿಯಿತು. ಹೆಂಚು ನೆನೆಸಿರಬೇಕು, ಗೋಡೆಯ ಪಕ್ಕ ಹೆಂಚು ಬರಕೂಡದು. ವೈರಿನ ಪೈಪು ಹೆಂಚಿನ ಮೇಲೆ ಹಾಯಿಸಿ ಒಂದು ಕಡೆ ಮೇಲೆ ಮುಚ್ಚುವಷ್ಟು ಕಾಂಕ್ರೀಟೇ ಸಿಗದೆ ಒಡೆದು ಮತ್ತೆ ಹಾಕಿಸಿದೆ.

ನಡುವೆ ಐವತ್ತು ಬ್ಲಾಕು ನೂರಕ್ಕೆ ಸಿಮೆಂಟು 5, ಸುಣ್ಣ 2 ಹಾಕಿ ನೋಡಿದೆ. ತಿಂಗಳಿಗೆ ಮೆತ್ತಗಿತ್ತು, ಎರಡು ತಿಂಗಳಿಗೆ ಮಿಕ್ಕವನ್ನೂ ಮೀರಿಸಿತು. ಅಷ್ಟು ದಿನ ಕಾಯುವ ಗುತ್ತಿಗೆ ಎಲ್ಲಿದೆ? ಎರೆಮಣ್ಣಿನ ಊರಲ್ಲಿ ಇದೇ ದಾರಿ ಇರಬೇಕು.

ಹೊರಮೈಗೆ ಮಣ್ಣು-ಸಿಮೆಂಟಿನ ತಿಳಿ ಎರಡು ಕೈ ಬಳಿದಿದ್ದೇನೆ. ಅದರಲ್ಲಿ ಇನ್ನೊಂದು ವಸ್ತು ಇದೆ, ಅದು ನನ್ನಲ್ಲೇ ಇರಲಿ. ಚಜ್ಜಾ ಎರಡಡಿ, ಸೈಜುಗಲ್ಲು ನೆಲದಿಂದ ಒಂದೂವರೆ ಅಡಿ. ಶೌಚಾಲಯಕ್ಕೆ ಮಾತ್ರ ಈ ಬ್ಲಾಕು ಮುಟ್ಟಿಸಲಿಲ್ಲ, ಸದಾ ಒದ್ದೆ ಇರುವ ಗೋಡೆ ಅದು. ಮಿಕ್ಕ ಇನ್ನೂರು ಬ್ಲಾಕು ಈಗಲೂ ಶಾಲೆಯ ಹಿಂದೆ ಬಯಲಲ್ಲೇ ಇವೆ, ಅನುಮಾನ ಇದ್ದವರು ಹೋಗಿ ಉಗುರಲ್ಲಿ ಗೀರಿ ನೋಡಬಹುದು.